ಕಿಟಕಿಯಕ್ಕ ಕೊಡದ ಉತ್ತರ

ಮೇಲ್ಮನೆಯ ಕಲಾಪ ಟಿವಿಯಲ್ಲಿ ಬರುವಾಗ ಮೂಲೆಯ ಕಿಟಕಿಯಂಥ ಪುಟ್ಟ ಚೌಕದಲ್ಲಿ ಕೈಯಾಡಿಸುವ ಹೆಂಗಸೊಬ್ಬಳು ಕಾಣುತ್ತಾಳಲ್ಲ, ಅವಳೇ ನಮ್ಮ ಕಿಟಕಿಯಕ್ಕ. ಸದಸ್ಯರ ಮಾತನ್ನು ಕಿವಿ ಕೇಳದವರಿಗೆ ಸನ್ನೆ ಭಾಷೆಯಲ್ಲಿ ಮುಟ್ಟಿಸುವುದು ಅವಳ ಕೆಲಸ. ನನ್ನದೂ ಅದೇ. ಒಬ್ಬರ ಕೈ ಸೋತರೆ ಇನ್ನೊಬ್ಬರು ಕೂರುತ್ತೇವೆ. ನಮ್ಮ ಕೋಣೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಮುಖಕ್ಕೆ ಹೊಡೆಯುವ ದೀಪ, ಎದುರಿಗೆ ಕ್ಯಾಮೆರಾ. ಕೂದಲು ಹಾರುತ್ತದೆಂದು ಫ್ಯಾನು ಹಾಕುವಂತಿಲ್ಲ.

ಮಾತಾಡುವವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು, ಅದು ನಮ್ಮ ಕೆಲಸದ ನಿಯಮ. ‘ಅವರು ಹೀಗೆಂದರು’ ಎಂದು ನುಣುಚಿಕೊಳ್ಳುವಂತಿಲ್ಲ. ಮಂತ್ರಿಗಳು ಬೊಗಳೆ ಬಿಟ್ಟರೆ ನಾವೂ ಬಿಡಬೇಕು, ಅದೂ ಮುಖದ ತುಂಬ ನಂಬಿಕೆ ಇಟ್ಟುಕೊಂಡು. ಇದರಲ್ಲಿ ಅಕ್ಕನದು ಎತ್ತಿದ ಕೈ.

ಅವಳಿಗೆ ಈ ಭಾಷೆ ಬಂದದ್ದು ಅಪ್ಪನಿಂದ. ಹುಟ್ಟಿನಿಂದಲೇ ಕಿವಿ ಕೇಳದವರು, ಪುಸ್ತಕಗಳಿಗೆ ಬೈಂಡ್ ಹಾಕಿ ಮಗಳನ್ನು ಓದಿಸಿದವರು, ಭಾರಿ ಹರಟೆಮಲ್ಲ. ಜಗಳದಲ್ಲಿ ಸೋಲುವಂತಿದ್ದರೆ ಕಣ್ಣು ಮುಚ್ಚಿಬಿಡುತ್ತಿದ್ದರು. ಆಮೇಲೆ ಅವರೊಂದಿಗೆ ಯಾರು ಏನು ವಾದಿಸಿಯಾರು? ಈಗ ಅವರಿಗೆ ವಾಸಿಯಾಗದ ನರದ ಕಾಯಿಲೆ. ಮೊದಲು ಕಾಲು ಬಿದ್ದುಹೋಯಿತು, ಸಹಿಸಿಕೊಂಡರು. ಆಮೇಲೆ ಎಡಗೈ ಹೋಯಿತು. ಬಲಗೈಯಲ್ಲೂ ಮೂರು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಅವೂ ಹೋದರೆ ಅವರಿಗೆ ಬಾಯಿ ಹೊಲಿದಂತೆ. ‘ಕೈ ನಿಂತ ದಿನ ನನ್ನ ಕಳಿಸ್ಕೊಡು’ ಎಂದು ಮಗಳನ್ನು ಕೇಳುತ್ತಲೇ ಇದ್ದರು. ‘ಅದಕ್ಕೆ ಕಾನೂನಿಲ್ವಲ್ಲಪ್ಪ’ ಎಂದು ಅಕ್ಕ ತಪ್ಪಿಸಿಕೊಳ್ಳುತ್ತಿದ್ದಳು. ಆ ಇಲ್ಲದ ಕಾನೂನೇ ಅವಳಿಗೆ ಆಸರೆಯಾಗಿತ್ತು.

ಅಷ್ಟರಲ್ಲಿ ಮೇಲ್ಮನೆಗೆ ಆ ಮಸೂದೆಯೇ ಬಂತು. ಗುಣವಾಗದ ರೋಗಿ ತಾನಾಗಿ ಬೇಡಿದರೆ ಸಾಯಲು ವೈದ್ಯರು ನೆರವಾಗಬಹುದು ಎನ್ನುವ ಮಸೂದೆ.

“ಅಕ್ಕ, ಇವತ್ತು ರಜಾ ಹಾಕು. ನಾನೊಬ್ಳೇ ನೋಡ್ಕೋತೀನಿ” ಎಂದೆ.

“ನಾನು ಕಾಣ್ಲಿಲ್ಲ ಅಂದ್ರೆ ಅಪ್ಪ ಏನಂದ್ಕೋತಾರೆ? ಬೆಳಗ್ಗೆಯಿಂದ ಟಿವಿ ಮುಂದೇನೇ ಇದಾರೆ” ಎಂದಳು.

ಬೆಳಗಿನ ಅರ್ಧ ಹೊತ್ತು ಲಿಫ್ಟುಗಳ ಸುರಕ್ಷತೆಯ ಮಸೂದೆಗೇ ಹೋಯಿತು. ಬಾಗಿಲು ಎಷ್ಟು ಅಗಲವಿರಬೇಕು ಎಂದು ಹಿರಿಯರು ಕಿತ್ತಾಡಿದರು. ಕೊನೆಗೂ ಸಾವಿನ ಸರದಿ ಬಂತು. ಸದಸ್ಯೆಯೊಬ್ಬರು ಎದ್ದು, “ನನ್ನಪ್ಪ ಸಾವು ಬೇಡಿದರು. ನಾನು ಒಪ್ಪಲಿಲ್ಲ. ನರಳಿ ನರಳಿ ಹೋದರು. ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ” ಎಂದರು. ಅಕ್ಕ ಅದನ್ನು ಸನ್ನೆಯಲ್ಲಿ ಹೇಳಿದಳು. ‘ನಾನು’ ಎಂದು ಎದೆ ಮುಟ್ಟಿಕೊಂಡೇ ಹೇಳಿದಳು. ಅವರು ಕೂತ ಮೇಲೆ ಇನ್ನೊಬ್ಬರು ಎದ್ದರು. “ಪ್ರೀತಿಸುವ ಮಗಳಿರುವ ಮನೆಯಲ್ಲಿ ಯಾವ ಅಪ್ಪನೂ ಸಾವು ಬೇಡುವುದಿಲ್ಲ. ಇದು ನನ್ನ ಖಚಿತ ನಂಬಿಕೆ.” ಅದನ್ನೂ ಹೇಳಬೇಕಾಯಿತು. ಕ್ಯಾಮೆರಾ ನೋಡಿಕೊಂಡು, ಅಂದರೆ ಅಪ್ಪನ ಮುಖ ನೋಡಿಕೊಂಡು. ನಾನು ಬಂದು ಕೂರುತ್ತೇನೆ ಎಂದು ಪಕ್ಕದಿಂದ ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

ಸಂಜೆ ಸಭಾಪತಿಗಳು ಮಸೂದೆಯನ್ನು ಸಮಿತಿಗೆ ಒಪ್ಪಿಸಿ, ಮುಂದಿನ ಅಧಿವೇಶನಕ್ಕೆ ನೋಡೋಣ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲಿಫ್ಟಿನ ಮಸೂದೆ ಮಾತ್ರ ಪಾಸಾಗಿತ್ತು.

ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಜೊತೆಗೆ ಮನೆಗೆ ಹೋದೆ. ಟಿವಿ ಆರಿಸಿತ್ತು. ಅಪ್ಪ ದಿಂಬಿಗೊರಗಿ ಕಾಯುತ್ತಿದ್ದರು. ಮೂರು ಬೆರಳಲ್ಲಿ ಒಂದೊಂದೇ ಮಾತು ಕೂಡಿಸಿದರು.

“ಒಂದ್ಸಲ ಹೂಂ ಅಂದೆ. ಒಂದ್ಸಲ ಉಹೂಂ ಅಂದೆ. ನೀನೇನಂತೀಯ?”

“ಅದು ಅವ್ರ ಮಾತಪ್ಪ. ಮುಂದಿನ ಅಧಿವೇಶನದಲ್ಲಿ ನೋಡ್ತಾರಂತೆ.”

“ಅಷ್ಟೊತ್ತಿಗೆ ಕೇಳೋಕೆ ನನಗೆ ಕೈ ಇರಲ್ಲ. ಈಗ ಹೇಳು. ನನ್ನ ಕಳಿಸ್ಕೊಡ್ತೀಯೋ, ಇಲ್ವೋ?”

ದಿನವಿಡೀ ಮಂದಿಯ ಮಾತಾಡಿದ ಕೈಗಳು ಮಡಿಲಲ್ಲೇ ಉಳಿದವು. ಅಪ್ಪ ಮತ್ತೆ ಬೆರಳೆತ್ತಿದರು. ಅಕ್ಕ ಮಂಚದ ಅಂಚಿಗೆ ಕೂತು, ಆ ಕೈಯನ್ನು ತನ್ನೆರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ಬೇರೆ ಯಾರು ನೋಡಿದ್ದರೂ, ಮಗಳಿಗೆ ಎಷ್ಟು ಅಕ್ಕರೆ ಎನ್ನುತ್ತಿದ್ದರು. ಅವರ ಭಾಷೆ ಬಲ್ಲ ನನಗೆ ನೋಡಲಾಗಲಿಲ್ಲ. ಅವಳು ಉತ್ತರ ಹೇಳುವಂತಿರಲಿಲ್ಲ, ಅವರು ಇನ್ನೊಮ್ಮೆ ಕೇಳುವಂತೆಯೂ ಇರಲಿಲ್ಲ. ಅಪ್ಪ ಬಿಡಿಸಿಕೊಳ್ಳಲು ನೋಡಿದರು. ಅವಳ ಅಂಗೈಯೊಳಗೇ ಬೆರಳುಗಳು ಮಿಸುಕಾಡಿದವು. ಅವಳು ಬಿಡಲಿಲ್ಲ.