ನಮ್ಮದೇ ಕಮ್ಯುನಿಸಂ

ಕೊಲ್ಲಿ ನಾಡಿನ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಗೆಳೆಯ ರೊನಾಲ್ಡನ ಡ್ಯೂಟಿ ಮುಗಿಯಲೆಂದು ಕಾದು ಕಾದು ಸೋತಿದ್ದೆ. ಸೆಕೆಗೆ ಮಾತೂ ಬೇಡವಾಗಿತ್ತು. ಚಹಾದ ಕೋಣೆಯಲ್ಲಿ ವಯಸ್ಸಾದ ಇಬ್ಬರು ಯುರೋಪಿನ ಇಂಜಿನಿಯರುಗಳು ಒಂದೇ ಮೇಜಿನ ಎರಡು ತುದಿಗೆ ಕೂತಿದ್ದರು.

“ಗೋರಾನ್ ಸರ್ಬಿಯಾದವ, ಮಾರಿನ್ ಕ್ರೊಯೇಷಿಯಾದವ,” ಚಹಾ ಕುಡಿಯಲೆಂದು ಒಳಬಂದ ರೊನಾಲ್ಡ್ ನನಗೆ ಮೆಲ್ಲಗೆ ಹೇಳಿದ. “ಮೊದ್ಲು ಇಬ್ರದ್ದೂ ಯುಗೋಸ್ಲಾವಿಯಾ. ಯುದ್ಧ ಆಗಿ ಅದು ಒಡೀತಲ್ಲ. ಭಾಷೆ ಹೆಚ್ಚುಕಮ್ಮಿ ಒಂದೇ ಮಾರಾಯ, ಆದ್ರೂ ಕೆಲ್ಸದ ಮಾತು ಇಂಗ್ಲಿಷಲ್ಲೇ. ಬೇರೆ ಮಾತಿಲ್ಲ.”

ಆ ಮೌನ ತಡೆಯಲಾರದೆ ನಾನು ಅವರನ್ನು ಕೇಳಿಬಿಟ್ಟೆ: “ಯುಗೋಸ್ಲಾವಿಯಾ ಇದ್ದಾಗ ನೀವೆಲ್ಲ ರಷ್ಯಾದ ಕೈಕೆಳಗೆ ಇದ್ದಿರಲ್ಲವೇ?”

“ಇಲ್ಲ,” ಎಂದರು ಇಬ್ಬರೂ ಒಟ್ಟಿಗೆ.

“ನಮ್ಮದು ನಮ್ಮದೇ ಕಮ್ಯುನಿಸಂ,” ಎಂದ ಗೋರಾನ್. “ಮಾಸ್ಕೋ ಹೇಳಿದ್ದನ್ನು ನಾವು ಕೇಳಲಿಲ್ಲ.”

“ಕಾರ್ಖಾನೆಯಲ್ಲಿ ಕೆಲಸಗಾರರದೇ ಮಂಡಳಿ ಇತ್ತು,” ಮಾರಿನ್ ನನಗೆ ವಿವರಿಸಿದ. “ಮ್ಯಾನೇಜರ್ ಯಾರೆಂದು ಅವರೇ ತೀರ್ಮಾನಿಸುತ್ತಿದ್ದರು. ನನ್ನ ಅಪ್ಪ ಅದರಲ್ಲಿದ್ದರು.”

“ನನ್ನ ಅಪ್ಪನೂ ಇದ್ದರು,” ಎಂದ ಗೋರಾನ್.

ಮಾರಿನ್ ಅವನತ್ತ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದ. ಗೋರಾನ್ ಅದೇ ಭಾಷೆಯಲ್ಲಿ ಉತ್ತರಿಸಿದ. ಹಾಗೇ ಸ್ವಲ್ಪ ಹೊತ್ತು ಮಾತು ನಡೆಯಿತು. ಒಮ್ಮೆ ಇಬ್ಬರೂ ನಕ್ಕರು. ಆಮೇಲೆ ಏನು ನೆನಪಾಯಿತೋ, ಮಾರಿನ್ ತಟ್ಟನೆ ಎದ್ದು ಹೊರಗಿನ ಬಿಸಿಲಿಗೆ ನಡೆದ.

ಗೋರಾನ್ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ.

“ಆ ಯುದ್ಧದಲ್ಲಿ ಅವನ ತಮ್ಮ ಸತ್ತ,” ಎಂದು ನಮಗೆ ಹೇಳಿದ. “ನಾನು ಎದುರು ಪಕ್ಷದ ಸೈನ್ಯದಲ್ಲಿದ್ದೆ. ತಮ್ಮನ ಹೆಸರೇನೆಂದು ಇವತ್ತಿನವರೆಗೂ ನಾನು ಅವನನ್ನು ಕೇಳಿಲ್ಲ.”

ಮೇಜಿಗೆ ಕೈಯೂರಿ ನಿಧಾನಕ್ಕೆ ಎದ್ದು, ಮಾರಿನ್‌ನ ಹಿಂದೆಯೇ ಅವನೂ ಬಾಗಿಲು ದಾಟಿದ.