ಮುನ್ಶಿಯ ಹೊಟ್ಟೆ, ಕಾಕಾನ ಸಂಕೋಚ

ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಯಾರದೋ ಅಡುಗೆಮನೆಯಿಂದ ಕುಂಬಳಕಾಯಿ ಬೇಯುವ ವಾಸನೆ ಬಂತು. ಒಗ್ಗರಣೆಯಿಲ್ಲ, ಬೆಲ್ಲವಿಲ್ಲ, ಬರೀ ನೀರಿನಲ್ಲಿ ಬೇಯುತ್ತಿರುವ ಸಪ್ಪೆ ಕುಂಬಳಕಾಯಿ. ನೀವಾದರೆ ಮೂಗು ಮುರಿದು ಮುಂದೆ ಹೋಗುತ್ತಿದ್ದಿರಿ. ನನಗೆ ಎದೆ ಧಸಕ್ಕೆಂದಿತು. "ಆತೇನು?" ಎಂದು ಬಾಯಿಂದ ಬಿದ್ದೇಬಿಟ್ಟಿತು. ಎದುರಿಗೆ ಇಳಿದು ಬರುತ್ತಿದ್ದ ತೆಲುಗು ಮಹಾಶಯರು "ಏಮಂಡಿ?" ಎಂದರು. ಏನು ಹೇಳಲಿ? ಒಂದು ಮುದಿ ಬೆಕ್ಕಿಗೆ ಹೊಟ್ಟೆ ಸಾಫಾಯಿತೋ ಇಲ್ಲವೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದ ಕಥೆಯನ್ನು ಮೆಟ್ಟಿಲ ಮೇಲೆ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು. ಓದುವವರು, ಹೇಗೂ ಕೂತಿದ್ದೀರಿ.

ಬೆಕ್ಕು ನನ್ನದಲ್ಲ, ಕಾಕಾನದು. ಕಾಕಾ ಎಂದರೆ ನಮ್ಮಪ್ಪನ ಕೊನೆಯ ತಮ್ಮ, ಡ್ರಾಯಿಂಗ್ ಮಾಸ್ತರ್ ಆಗಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗದೆ ಸುಲ್ತಾನ್ ಬಜಾರಿನ ಗಲ್ಲಿಯಲ್ಲಿ ಸೀರೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯೊಂದರಲ್ಲಿ ಆಯುಷ್ಯ ಕಳೆದರು. ಅವರು ಯಾವ ಕಾಗದ ಹಾಸಿದರೂ ಅದರ ಮೇಲೆ ಬಂದು ಗುಮಾಸ್ತನ ಹಾಗೆ ಗಂಭೀರವಾಗಿ ಕೂರುತ್ತಿದ್ದ ಬೆಕ್ಕಿಗೆ ಮುನ್ಶಿ ಎಂದು ಹೆಸರಿಟ್ಟಿದ್ದರು. ಕೆಲವು ವರ್ಷಗಳ ಹಿಂದೆ ಆ ಕಟ್ಟಡ ಕೆಡವುತ್ತಾರೆಂದು ಗೊತ್ತಾದಾಗ ನಾನೂ ನನ್ನ ಹೆಂಡತಿ ಸುಧಾಳೂ ಹೋಗಿ, ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬನ್ನಿ ಎಂದು ಕರೆದೆವು. ಅವರು ಆಗಲೇ ಒಂದು ವೃದ್ಧಾಶ್ರಮ ನೋಡಿ ಬಂದಿದ್ದರು.

"ಅಲ್ಲೆ ಬೆಕ್ಕು ನಡೆಯೂದಿಲ್ಲ ಅಂದ್ರು, ತಮ್ಮಾ. ಅದಕ್ಕ ನಿಮ್ಮಲ್ಲಿ ಬರತೀನಿ. ಇವ ಇರೂತನಕ," ಎಂದರು.

ಈ 'ಇವ ಇರೂತನಕ' ಎಂಬ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ನಮ್ಮಪ್ಪ ಹೋದ ಮೇಲೆ ನನ್ನನ್ನು 'ತಮ್ಮಾ' ಎನ್ನುವವರು ಈ ಭೂಮಿಯ ಮೇಲೆ ಇವರೊಬ್ಬರೇ. ಅವರು ನಮ್ಮಲ್ಲಿರುವುದು ಬೆಕ್ಕಿನ ಆಯುಷ್ಯದ ಮೇಲೆ ನಿಂತಿತೆಂದರೆ ನೀವೇ ಯೋಚಿಸಿ, ನನ್ನಂಥ ಹೆದರುಪುಕ್ಕಲನ ಗತಿ ಏನು? ಅಂದಿನಿಂದ ಮುನ್ಶಿ ಸೀನಿದರೂ ನನಗೆ ಊಟ ಸೇರುತ್ತಿರಲಿಲ್ಲ.

ಕಾಕಾ ಮನೆಯಲ್ಲಿದ್ದಾರೆಂದು ತಿಳಿಯುತ್ತಲೇ ಇರಲಿಲ್ಲ. ಫ್ಯಾನು ಹಾಕುವ ಮೊದಲು ಕೇಳುತ್ತಿದ್ದರು. ಕೆಮ್ಮು ಬಂದರೆ ಬಾಲ್ಕನಿಗೆ ಹೋಗಿ ಕೆಮ್ಮುತ್ತಿದ್ದರು. ನಾವು ಏಳುವ ಮೊದಲೇ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಟುಬಿಡುತ್ತಿದ್ದರು. ಬಂದವರು "ತ್ರಾಸ ಆಗಲಿಲ್ಲ ಹೌದಿಲ್ಲೋ?" ಎನ್ನುತ್ತಿದ್ದರು. ವಾಕಿಂಗ್ ಹೋಗಿ ಬಂದದ್ದರಿಂದ ನಮಗೇನು ತ್ರಾಸು ಎಂದು ನಾನು ನಗುತ್ತಿದ್ದೆ.

ಮುನ್ಶಿಯ ವಿಷಯಕ್ಕೆ ಬರೋಣ. ಗಲ್ಲಿಯ ಜನ ಹಾಕಿದ ಮೀನು ತಿಂದು ಬೆಳೆದ ಪ್ರಾಣಿ ಅದು. ನಮ್ಮದು ಸಸ್ಯಾಹಾರಿಗಳ ಮನೆ. ವಾಸನೆ ಬೇಡವೆಂದು ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಬೆಕ್ಕಿನ ತಿನಿಸು ತಂದಿಟ್ಟೆವು. ಪಾಪ, ಕಟಂಕಟಂ ಎಂದು ಅಗಿಯಿತು. ನೀರನ್ನಂತೂ ಮೂಸಿ ಬಿಡುತ್ತಿತ್ತು. ಸ್ವಲ್ಪ ದಿನದಲ್ಲೇ ಮುನ್ಶಿ ಮರಳಿನ ಟ್ರೇಗೆ ಹೋಗಿ ಕೂರುವುದು, ತಿಣುಕುವುದು, ಏನೂ ಆಗದೆ ಎದ್ದು ಬರುವುದು, ಮತ್ತೆ ಹೋಗಿ ಕೂರುವುದು ಸುರುವಾಯಿತು. ಒಂದು ಬೆಳಿಗ್ಗೆ ತಿಣುಕುತ್ತ ಮಗುವಿನ ಹಾಗೆ ಕೂಗಿತು. ಕಾಕಾ ಗೋಡೆ ಹಿಡಿದು ಕೂತರು.

ನಮ್ಮ ಕಡೆಯ ಮನೆಗಳಲ್ಲಿ ಕುಶಲಪ್ರಶ್ನೆ ಹೊಟ್ಟೆಯಿಂದಲೇ ಸುರು. ಚಿಕ್ಕವರಿದ್ದಾಗ ರವಿವಾರ ಬಂತೆಂದರೆ ಸಾಲಾಗಿ ಕೂರಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. ಆ ಸಂಸ್ಕಾರ ಎಲ್ಲಿ ಹೋದೀತು? ನಾನು ನೇರ ಹೋಗಿ ಹರಳೆಣ್ಣೆ ಬಾಟಲಿ ತಂದೆ. ಸುಧಾ ಕೈಯಿಂದ ಕಸಿದುಕೊಂಡಳು.

"ಬೆಕ್ಕಿಗೆ ಹರಳೆಣ್ಣಿ ಕುಡಸ್ತೀರೇನ್ರಿ? ತಲಿ ನೆಟ್ಟಗ ಐತೋ ಇಲ್ಲೋ ನಿಮ್ದು? ಮೊದಲ ಡಾಕ್ಟರ್ ಕಡೆ ನಡೀರಿ!"

ಮಿಯಾಪುರದ ಹತ್ತಿರ ಪ್ರಾಣಿಗಳ ಡಾಕ್ಟರೊಬ್ಬರಿದ್ದರು, ಸಣ್ಣ ವಯಸ್ಸಿನ ಹೆಣ್ಣುಮಗಳು. ಆಟೋದಲ್ಲಿ ಕಾಕಾ ಬುಟ್ಟಿಯನ್ನು ಎದೆಗವಚಿಕೊಂಡು ಕೂತಿದ್ದರು. ನಾನು ಬುಟ್ಟಿಯನ್ನು ಬಿಟ್ಟು ಕಾಕಾನ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರು ಕೇಳಿದ ಮೊದಲ ಮಾತು, "ಪೇಶಾಬ್ ಹೋ ರಹಾ ಹೈ ಕ್ಯಾ?" ಮೂತ್ರ ಆಗುತ್ತಿದೆಯೇ ಎಂದು. ಗಂಡು ಬೆಕ್ಕು ತಿಣುಕುವುದು ನೋಡಿ ಮಲಬದ್ಧತೆ ಎಂದುಕೊಳ್ಳುತ್ತಾರಂತೆ, ಎಷ್ಟೋ ಸಲ ಕಟ್ಟಿಕೊಂಡದ್ದು ಮೂತ್ರವಾಗಿರುತ್ತದಂತೆ. ಹಾಗಿದ್ದರೆ ಪ್ರಾಣಕ್ಕೇ ಅಪಾಯ, ಕಾಯುವಂತಿಲ್ಲ. ಕಾಕಾ ನನ್ನ ಅಂಗಿಯ ತೋಳು ಹಿಡಿದುಕೊಂಡರು. ಆಕೆ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಮೂತ್ರಕೋಶ ಮೆತ್ತಗಿದೆ, ಹಿಂದೆ ಗಟ್ಟಿ ಗಂಟುಗಳಿವೆ ಎಂದರು. ನಾನು ದೇವರ ಹೆಸರು ಹೇಳಿದೆ.

ಚರ್ಮದ ಕೆಳಗೆ ಸಲೈನ್ ಕೊಟ್ಟು, ಸ್ವಲ್ಪ ತಾವೇ ಹೊರತೆಗೆದು, ಉಳಿದದ್ದು ಒಂದೆರಡು ದಿನದಲ್ಲಿ ಮನೆಯಲ್ಲೇ ಆಗಬೇಕು, ಆಗದಿದ್ದರೆ ತಕ್ಷಣ ತನ್ನಿ ಎಂದರು. ಹರಳೆಣ್ಣೆಯ ವಿಷಯ ಬಾಯಿಬಿಟ್ಟು ಚೆನ್ನಾಗಿ ಬೈಸಿಕೊಂಡೆ. ಎಣ್ಣೆ ಶ್ವಾಸಕೋಶಕ್ಕಿಳಿದರೆ ಮುಗಿಯಿತಂತೆ. ಮನುಷ್ಯರ ಔಷಧ, ಎನಿಮಾ ಯಾವುದನ್ನೂ ಮುಟ್ಟಬಾರದು, ತಾವು ಕೊಟ್ಟ ಸಿರಪ್ಪನ್ನು ಹೇಳಿದಷ್ಟೇ ಕೊಡಬೇಕು. ಒಣ ತಿನಿಸು ಬಿಟ್ಟು ಹಸಿಯಾದದ್ದು ಹಾಕಬೇಕು, ಅದರಲ್ಲಿ ಚಮಚದಷ್ಟು ಸಪ್ಪೆ ಕುಂಬಳಕಾಯಿ ಕಲಸಬಹುದು. ನೀರಿನ ಬಟ್ಟಲುಗಳನ್ನು ಮನೆತುಂಬ ಇಡಬೇಕು. ಮುದಿ ಬೆಕ್ಕಿಗೆ ಸೊಂಟದ ಕೀಲುಗಳು ನೋಯುತ್ತವೆ, ಆದ್ದರಿಂದ ಟ್ರೇಯ ಅಂಚು ತಗ್ಗಾಗಿರಬೇಕು. "ಮತ್ತೆ ಯಾರೂ ಸುತ್ತ ನಿಂತು ನೋಡಬೇಡಿ, ಅವಸರ ಮಾಡಬೇಡಿ. ವಯಸ್ಸಾದವರಿಗೆ ನಾಚಿಕೆ ಜಾಸ್ತಿ," ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಕಾಕಾ ನಗಲಿಲ್ಲ, ತಲೆಯಾಡಿಸಿದರು.

ಸುಧಾ ಬಾಯಿಗೆ ಸೆರಗು ಕಟ್ಟಿಕೊಂಡು ಮಾಂಸದ ಪೌಚು ಒಡೆದು ಬಾಲ್ಕನಿಯಲ್ಲಿ ಬಡಿಸಿದಳು. ಕಾಕಾ ಪ್ಲಾಸ್ಟಿಕ್ ಟಬ್ಬಿನ ಮುಂಭಾಗ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಹೊಸ ಟ್ರೇ ಮಾಡಿದರು. ಟಿವಿಯ ಕೆಳಗೆ, ಮಂಚದ ಪಕ್ಕ, ಬಾಗಿಲ ಬಳಿ ನೀರಿಟ್ಟರು. ಎಲ್ಲ ಸರಿ, ಸುತ್ತ ನಿಲ್ಲಬೇಡಿ ಎಂಬುದೊಂದು ನಮ್ಮಿಂದಾಗಲಿಲ್ಲ. ಮುನ್ಶಿ ಟ್ರೇ ಕಡೆ ಹೊರಟರೆ ಸಾಕು, ನಾನು ಸ್ನಾನ ಅರ್ಧ ಬಿಟ್ಟು ಬರುತ್ತಿದ್ದೆ. "ಆತೇನು? ಆತೇನು?" ಮುನ್ಶಿ ನಮ್ಮನ್ನೊಮ್ಮೆ ತಿರಸ್ಕಾರದಿಂದ ನೋಡಿ ಮಂಚದ ಕೆಳಗೆ ಸೇರುತ್ತಿದ್ದ. ಕೊನೆಗೆ ಮರುದಿನ ಕಾಕಾ ಟ್ರೇಯನ್ನು ತಮ್ಮ ಕೋಣೆಯ ಮೂಲೆಗೆ ಒಯ್ದು, ತಾವೂ ಹೊರಬಂದು ಬಾಗಿಲು ಮುಂದಕ್ಕೆಳೆದರು. ಮೂವರೂ ಅಡುಗೆಮನೆಯಲ್ಲಿ ಕಳ್ಳರ ಹಾಗೆ ನಿಂತೆವು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಮರಳು ಕೆರೆಯುವ ಸಪ್ಪಳ ಬಂತು. ಕಾಕಾ ಹೋಗಿ ನೋಡಿ ಬಂದರು. ಕಣ್ಣು ಒದ್ದೆಯಾಗಿದ್ದವು.

"ಆತು! ಭಾಳ ಛಲೋ ಆತು!"

ಹೇಲಿನ ವಾರ್ತೆಗೆ ಮೂವರು ವಯಸ್ಕರು ಕುಣಿದದ್ದನ್ನು ಯಾರೂ ನೋಡಲಿಲ್ಲ, ಪುಣ್ಯ. ಸುಧಾ ಶಿರಾ ಮಾಡಲು ರವೆ ಹುರಿಯತೊಡಗಿದಳು. ಆ ಖುಷಿಯಲ್ಲಿ ಕಾಕಾ, "ಅವಂದು ಆತು. ಇನ್ನ ನಂದೊಂದು ಉಳೀತು ನೋಡು," ಎಂದರು.

ನಾನು ನಕ್ಕೆ. ಸುಧಾ ಒಲೆ ಆರಿಸಿದಳು. "ಯಾವಾಗಿಂದ, ಕಾಕಾ?"

ಕಾಕಾ ತಡವರಿಸಿದರು. ಅವಳು ಬಿಡಲಿಲ್ಲ. ನಿಧಾನಕ್ಕೆ ಹೊರಬಂತು.

"ನಿಮ್ದು ಬೆಳಿಗ್ಗಿ ಗಡಿಬಿಡಿ. ಇರೂದೊಂದ ಸಂಡಾಸ. ನಾ ಮುದುಕ, ಒಳಗ ಹೋದ್ರ ಲಗೂನ ಆಗೂದಿಲ್ಲ. ಅದಕ್ಕ ಬಸ್ ಸ್ಟಾಪ್ ಬಾಜೂಕ ಸಾರ್ವಜನಿಕ ಸಂಡಾಸ ಐತಲ್ಲ, ಅಲ್ಲೆ ಹೋಗಿ ಬರತಿದ್ದೆ. ಅಲ್ಲೂ ಹೊರಗ ನಿಂತು ಬಾಗಲಾ ಬಡೀತಾರ. ನೀರು ಕಡಿಮಿ ಕುಡದ್ರ ರಾತ್ರಿ ಏಳೂದಾದ್ರೂ ತಪ್ಪತೈತಿ."

ಇದೇ ಆ ವಾಕಿಂಗ್! ಮನೆತುಂಬ ಬೆಕ್ಕಿಗೆ ನೀರಿಟ್ಟ ಮನುಷ್ಯ ತಾನು ಗಂಟಲು ಒಣಗಿಸಿಕೊಂಡು ಕೂತಿದ್ದ. ಸುಧಾ ಅಳುತ್ತಲೇ ಬೈದಳು. "ಮನಿಯಾಗಿದ್ದು ಬೀದಿಗೆ ಹೋಗತೀರಾ? ನಾವೇನು ಪರಕೀಯರೇನ್ರಿ? ನಾಳಿಂದ ಬೆಳಿಗ್ಗಿ ಮೊದಲನೇ ಪಾಳಿ ನಿಮ್ದ. ಇವರು ಬೇಕಾದ್ರ ಕಾಯಲಿ."

ಕಾಕಾ ಒಪ್ಪಿದರು. ನೀರು ಕುಡಿದರು, ಡಾಕ್ಟರಿಗೂ ತೋರಿಸಿಕೊಂಡರು. ಆದರೂ ಸಂಕೋಚ ಹೋಗಲಿಲ್ಲ. ಸಂಡಾಸಕ್ಕೆ ಹೋದ ಹಾಗೆ ಮಾಡಿ ಅವಸರದಲ್ಲಿ ಹೊರಬಂದುಬಿಡುತ್ತಿದ್ದರು. ಮುನ್ಶಿ ಮಾತ್ರ ಆರಾಮವಾಗಿ ಕೆಲವು ವರ್ಷ ಬದುಕಿದ. ಹೋದ ತಿಂಗಳು ಬಾಲ್ಕನಿಯ ಬಿಸಿಲಲ್ಲಿ ಮಲಗಿದವನು ಏಳಲಿಲ್ಲ.

ಅಂದಿನಿಂದ ನನ್ನ ಸ್ಥಿತಿ ಕೇಳಬೇಡಿ. ಸುಧಾ ನೇರ ಕೇಳಿಯೇಬಿಟ್ಟಳು, "ಕಾಕಾ, ಎಲ್ಲೂ ಹೋಗೂದಿಲ್ಲ ಹೌದಿಲ್ಲೋ?" ಅವರು "ನೋಡೋಣು" ಎಂದರಷ್ಟೆ. ಮರುದಿನದಿಂದ ಬೆಳಗಿನ ವಾಕಿಂಗ್ ಮತ್ತೆ ಸುರುವಾಯಿತು. ದಿನಾ ನಾನು ಎದ್ದ ಕೂಡಲೇ ಅವರ ಪೆಟ್ಟಿಗೆ ಅಟ್ಟದ ಮೇಲೇ ಇದೆಯೇ ಎಂದು ನೋಡುತ್ತಿದ್ದೆ. ವೃದ್ಧಾಶ್ರಮದವರು ಬೇಡವೆಂದದ್ದು ಬೆಕ್ಕನ್ನು ತಾನೇ? ಈಗ ಅದೂ ಇಲ್ಲ.

ಇವತ್ತು ಹಾಲು ಹಿಡಿದು ಒಳಗೆ ಬಂದರೆ ಕಾಕಾ ಕೋಣೆಯಲ್ಲಿಲ್ಲ. ಚಪ್ಪಲಿ ನೋಡಿದೆ, ಇದ್ದಲ್ಲೇ ಇವೆ. ಸಂಡಾಸದ ಬಾಗಿಲು ಮುಚ್ಚಿತ್ತು. ನನಗೋ ಮೆಟ್ರೋದ ಹೊತ್ತಾಗಿತ್ತು, ಹೊಟ್ಟೆಯ ಅವಸರವೂ ಇತ್ತು. ಬಡಿಯಲಿಲ್ಲ, ಬಡಿಯುವ ಧೈರ್ಯ ನನಗೆಲ್ಲಿ? ಸುಮ್ಮನೆ ಕಾಲು ಬದಲಿಸುತ್ತ ನಿಂತೆ. ಹೆಜ್ಜೆಯ ಸಪ್ಪಳ ಕೇಳಿಸಿರಬೇಕು. ಒಳಗಿನಿಂದ, ಈ ಮನೆಯಲ್ಲಿ ಎಂದೂ ಕೇಳದಷ್ಟು ದೊಡ್ಡ ದನಿ ಬಂತು.

"ಯಾರದು, ತಮ್ಮನೇನು? ನಂದಿನ್ನೂ ಭಾಳ ಹೊತ್ತು ಐತಿ! ತಡಕೊಳ್ಳಾಕ ಆಗಲಿಲ್ಲಂದ್ರ ಬಾಜೂ ಮನಿಗೆ ಹೋಗಿ ಬಾ!"

"ಆಗ್ಲಿ ಕಾಕಾ, ಸಾವಕಾಶ ಕೂಡ್ರಿ," ಎಂದು ಹೇಳಿದೆ. ಹಾಲನ್ನು ಸುಧಾಳ ಕೈಗಿಟ್ಟು, ನಗು ತಡೆಯಲಾರದೆ, ಕಣ್ಣೊರೆಸಿಕೊಳ್ಳುತ್ತ, ಪಕ್ಕದ ಮನೆಯ ಬೆಲ್ಲು ಒತ್ತಿದೆ.