ಸಾಲಿಗೆ ನಿಲ್ಲದ ನೀಲಕ್ಕ

ನೀಲಕ್ಕ ಮಕ್ಕಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ತಟ್ಟೆಯ ಅಂಚಿಗೆ ಯಾರು ಏನನ್ನು ಎತ್ತಿಡುತ್ತಾರೋ ಅದೇ ಅವರಿಗೆ ಹೆಸರು. ಬೀನ್ಸ್ ಬಿಡುವ ಹುಡುಗ ಬೀನ್ಸ್ ಗೌಡ. ಟೊಮೆಟೊ ಸಿಪ್ಪೆ ತೆಗೆದಿಡುವವಳು ಟಮಾಟಿ ರಾಣಿ. ಒಗ್ಗರಣೆಯ ಎಲೆಗಳನ್ನು ಹುಡುಕಿ ಹುಡುಕಿ ಆರಿಸುವ ನನ್ನ ಮಗಳು ಕರಿಬೇವಮ್ಮ.

"ಏನ್ ಕರಿಬೇವಮ್ಮ, ನಿಮ್ಮವ್ವ ಸೊಪ್ಪಿಲ್ದೆ ಒಗ್ಗರಣೆ ಹಾಕ್ತಾಳೇನು? ಅದ್ಕೇ ನಿನ್ ಜಡೆ ಇಲಿ ಬಾಲ ಆಗೈತೆ," ಎನ್ನುತ್ತಾ ಸೌಟನ್ನು ಪಾತ್ರೆಯ ತಳಕ್ಕಿಳಿಸಿ ಬೇಳೆಯಿರುವ ಗಟ್ಟಿ ಸಾರನ್ನೇ ಎತ್ತಿ ಹಾಕುತ್ತಾಳೆ. ಸಣಕಲು ಮಕ್ಕಳಿಗೆ ತಳದ ಸಾರು, ಗುಂಡಗಿರುವವರಿಗೆ ಮೇಲಿನದು. ಕೇಳಿದರೆ, "ಸುಮ್ನಿರ್ರಿ, ಸೌಟಿಗೆ ಕಣ್ಣೈತೆ," ಎಂದು ನಗುತ್ತಾಳೆ.

ಹರಿಹರದ ನಮ್ಮ ಸರ್ಕಾರಿ ಶಾಲೆಯಲ್ಲಿ ಆಕೆ ಬಿಸಿಯೂಟ ಬೇಯಿಸಲು ಬಂದಾಗ ಈಗಿನ ಮಕ್ಕಳ ಅಪ್ಪಂದಿರು ಅಲ್ಲೇ ಓದುತ್ತಿದ್ದರಂತೆ. ಮಗಳು ತೀರಿಕೊಂಡ ಮೇಲೆ ಮೊಮ್ಮಗಳು ಅಂಬಿಕಾಳನ್ನು ಆಕೆಯೇ ಸಾಕುತ್ತಿದ್ದಾಳೆ. ಅಂಬಿಕಾ ನನ್ನ ಮಗಳ ಜೊತೆ ಒಂದನೇ ತರಗತಿ. ನಾನು ದಾವಣಗೆರೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಯಜಮಾನರಿಗೆ ಗುತ್ತೂರಿನ ಹತ್ತಿರ ಫ್ಯಾಕ್ಟರಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಮಗಳನ್ನು ಈ ಶಾಲೆಗೆ ಸೇರಿಸುವಾಗ ನೀರಿನ ಬಗ್ಗೆ, ಶೌಚಾಲಯದ ಬಗ್ಗೆ, ಪಕ್ಕದಲ್ಲಿ ಕೂರುವ ಮಕ್ಕಳ ಮೂಗಿನ ಬಗ್ಗೆ ನನಗೆ ನೂರು ಅನುಮಾನ. ಬ್ಯಾಗಿನಲ್ಲಿ ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ ಇಲ್ಲದೆ ಹೊರಗೆ ಕಾಲಿಡುವವಳಲ್ಲ. "ನಿಮ್ ಬ್ಯಾಗ್ನಾಗೆ ಇಡೀ ದವಾಖಾನೆ ಐತೆ ಬಿಡ್ರಿ," ಎಂದು ನೀಲಕ್ಕ ಒಮ್ಮೆ ನಕ್ಕಿದ್ದಳು.

ಈ ಮಳೆಗಾಲದಲ್ಲಿ ಹೊಳೆ ತುಂಬಿ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಅಲ್ಲಿನವರನ್ನೆಲ್ಲ ಕರೆತಂದು ನಮ್ಮ ಶಾಲೆಯ ಅರ್ಧ ಕೋಣೆಗಳಲ್ಲಿ ಇಳಿಸಿ, ಗೇಟಿಗೆ 'ಕಾಳಜಿ ಕೇಂದ್ರ' ಎಂದು ಬ್ಯಾನರ್ ಕಟ್ಟಿದರು. ಇದ್ದದ್ದೇ ಎರಡು ಶೌಚಾಲಯ, ಒಂದು ನಲ್ಲಿ. ನಲ್ಲಿಯ ಮುಂದೆ ಕೊಡಗಳು, ಶೌಚಾಲಯದ ಮುಂದೆ ಕಾಲು ಕುಣಿಸುತ್ತ ನಿಂತ ಮಕ್ಕಳು. ಗೇಟಿನ ಹತ್ತಿರ ತಾಯಂದಿರು ಗುಂಪು ಸೇರಿದೆವು. ಆ ಹುಡುಗರಿಗೆ ಕೆಮ್ಮು ಐತಂತೆ, ತಲೆ ತುಂಬ ಹೇನಂತೆ. ಹೆಡ್‌ಮಾಸ್ಟರ್ ಶಿವಮೂರ್ತಿಯವರ ಕೋಣೆಗೆ ಹೋಗಿ, ಊಟಕ್ಕಾದರೂ ಬೇರೆ ಮಾಡಿ ಎಂದು ಕೇಳಿದೆವು. ಎಲ್ಲರಿಗಿಂತ ನನ್ನ ದನಿಯೇ ಜೋರಾಗಿತ್ತು.

ಮರುದಿನದಿಂದ ಹಾಗೇ ಆಯಿತು. ಶಾಲೆಯ ಮಕ್ಕಳು ಜಗಲಿಯಲ್ಲಿ ಚಾಪೆಯ ಮೇಲೆ ಕೂರುವುದು, ನೀಲಕ್ಕ ಬಗ್ಗಿ ಬಡಿಸುವುದು. ಕೇಂದ್ರದವರು, ದೊಡ್ಡವರೂ ಚಿಕ್ಕವರೂ, ಅಂಗಳದಲ್ಲಿ ತಟ್ಟೆ ಹಿಡಿದು ಸಾಲು ನಿಲ್ಲುವುದು. ಅನ್ನ ಒಂದೇ ಪಾತ್ರೆಯದು. ಕೇಂದ್ರದ ಮಕ್ಕಳಲ್ಲಿ ಅರ್ಧದಷ್ಟು ಇದೇ ಶಾಲೆಯವರು, ನಿನ್ನೆಯವರೆಗೆ ಅದೇ ಚಾಪೆಯ ಮೇಲೆ ಕೂತಿದ್ದವರು. ಬೀನ್ಸ್ ಗೌಡ ಸಾಲಿನಲ್ಲಿ ನಿಂತು ಜಗಲಿಯ ಕಡೆ ತಲೆಯೆತ್ತಲೇ ಇಲ್ಲ. ಅವತ್ತು ಬೀನ್ಸನ್ನೂ ಬಿಡದೆ ತಿಂದನಂತೆ.

ನೀಲಕ್ಕನ ಮನೆಯೂ ದಂಡೆಯ ಕಡೆಯೇ. ವಿಚಾರಿಸಿದವರಿಗೆ, "ನಮ್ದು ಎತ್ತರದಾಗೈತ್ರಿ. ನೀರು ಮೆಟ್ಲ ತನಕ ಬಂದು ವಾಪಸ್ ಹೋತು," ಎನ್ನುತ್ತಿದ್ದಳು. ಅದೇ ಓಣಿಯ ಹಯಾತ್ ಸಾಬ್, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವವರು, ಸಾಲಿನಲ್ಲಿ ಬಂದು ತಟ್ಟೆ ಚಾಚಿದಾಗಲೆಲ್ಲ ಕೆಣಕುತ್ತಿದ್ದರು.

"ನೀಲಕ್ಕ, ನಿನ್ ಮನೆ ಮೆಟ್ಲು ಭಾರೀ ಖಡಕ್ ಐತಲ್ಲ! ಹೊಳಿಗೇ ನಿಲ್ಲು ಅಂದೈತೆ!"

"ಬಾಯಿ ಮುಚ್ಕಂಡು ಹಾಕಿಸ್ಕಳಪ್ಪ ಸಾಬಣ್ಣ," ಎಂದು ಗದರುತ್ತಲೇ ಅವರಿಗೆ ಒಂದು ಸೌಟು ಹೆಚ್ಚಿಗೆ ಹಾಕುವಳು. ಅದು ಬಾಯಿ ಮುಚ್ಚಿಸಲು ಕೊಟ್ಟ ಲಂಚ ಎಂದು ನನಗೆ ಆಗ ಹೊಳೆಯಲಿಲ್ಲ.

ಅಂಬಿಕಾ ಶಾಲೆಗೆ ಬರುವುದು ನಿಂತಿತು. "ಭಾನುವಳ್ಳಿಗೆ ಅವ್ರ ಚಿಗವ್ವನ ಮನೆಗೆ ಕಳ್ಸೀನಿ," ಎಂದಳು ನೀಲಕ್ಕ. ಆದರೆ ನನ್ನ ಮಗಳು ಮನೆಗೆ ಬಂದು, "ಅಮ್ಮ, ಅಂಬಿಕಾ ಎಲ್ಲೂ ಹೋಗಿಲ್ಲ. ಅಕ್ಕಿ ರೂಮಲ್ಲಿ ಮಲಗಿದಾಳೆ. ಕರೆದ್ರೆ ಮಾತಾಡಲ್ಲ," ಎಂದಳು.

ಮರುದಿನ ಬೆಳಿಗ್ಗೆ ಮಗಳನ್ನು ಬಿಟ್ಟು ನೇರ ಅಡುಗೆಮನೆಯ ಹಿಂದಿನ ಆ ಕೋಣೆಗೆ ಹೋದೆ. ಅಕ್ಕಿ ಚೀಲಗಳ ಸಂದಿಯಲ್ಲಿ ಒಂದು ಕೌದಿ, ಒಂದು ಕುಕ್ಕರ್, ಗೋಡೆಯಿಂದ ಬಿಚ್ಚಿ ತಂದ ದೇವರ ಫೋಟೊ. ಕೌದಿಯ ಮೇಲೆ ಅಂಬಿಕಾ. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿ ಬಿರಿದಿತ್ತು. ವಾಂತಿ ಭೇದಿಯ ವಾಸನೆ. ಹಿಂದೆ ಸೌಟು ಹಿಡಿದುಕೊಂಡೇ ನೀಲಕ್ಕ ಬಂದು ನಿಂತಳು.

"ಮನೆ ಹೋತ್ರವ್ವ. ಗ್ವಾಡೆ ಕುಂತೈತೆ. ಯಾರಿಗೂ ಹೇಳಬ್ಯಾಡ್ರಿ."

"ಉಮಾಮಹೇಶ್ವರಿ ದಿನಾ ಕೇಂದ್ರದ ಮಕ್ಕಳನ್ನ ನೋಡೋಕೆ ಬರ್ತಾರಲ್ಲ, ಅವರಿಗೆ ಯಾಕೆ ತೋರಿಸ್ಲಿಲ್ಲ?" ಎಂದೆ. ಉಮಾಮಹೇಶ್ವರಿ ನಮ್ಮ ಭಾಗದ ಆಶಾ ಕಾರ್ಯಕರ್ತೆ.

"ತೋರ್ಸಿದ್ರೆ ಕೇಂದ್ರದಾಗೆ ಹೆಸ್ರು ಬರ್ಕಂತಾರೆ. ಬರ್ಕಂಡ್ರೆ ನಾಳೆಯಿಂದ ಈ ಕೂಸು ಅಂಗಳದಾಗೆ ತಟ್ಟೆ ಹಿಡ್ಕಂಡು ನಿಂದ್ರಬೇಕು. ಇಡೀ ಊರ ಮಕ್ಳನ್ನ ಕುಂದ್ರಿಸಿ ಉಣ್ಸಿದೀನಿ. ನನ್ ಮೊಮ್ಮಗಳನ್ನ ನಿಂದ್ರಿಸಿ ಹೆಂಗ್ರಿ ನೀಡ್ಲಿ?"

ಮರ್ಯಾದೆಗಿಂತ ಕೂಸಿನ ಜೀವ ದೊಡ್ಡದಲ್ಲವೇ ಎಂದು ಕೇಳಬೇಕೆಂದಿದ್ದೆ. ಬ್ಯಾಗಿನಿಂದ ಪೊಟ್ಟಣ ತೆಗೆದು ನೀರಲ್ಲಿ ಕದಡಿ ಕುಡಿಸಿದೆ. ಮಗು ಅದನ್ನೂ ಕಕ್ಕಿತು. ಕೈ ತಣ್ಣಗಿತ್ತು. "ಬ್ಯಾಡ್ರಿ, ಬ್ಯಾಡ್ರಿ," ಎಂದು ನೀಲಕ್ಕ ನನ್ನ ಸೆರಗು ಹಿಡಿದಳು. ಬಿಡಿಸಿಕೊಂಡು ಅಂಗಳಕ್ಕೆ ಓಡಿ, ಎಲ್ಲರೆದುರಿಗೇ ಉಮಾಮಹೇಶ್ವರಿಯನ್ನು ಕೂಗಿದೆ.

ಆಕೆ ಬಂದು ಮಗುವಿನ ಹೊಟ್ಟೆಯ ಚರ್ಮ ಚಿವುಟಿ, ಮಡಿಕೆ ಹಾಗೇ ನಿಂತದ್ದನ್ನು ನೋಡಿದವಳೇ ಸಿಡಿದಳು. "ಎಲ್ಲಾ ಮಕ್ಳೂ ಅದಾವಾ ಅಂತ ದಿನಾ ಇಲ್ಲೇ ನಿಂತು ಒದರ್ತಿದ್ದೆ. ನೀನು ಕೇಳ್ತಾ ಒಗ್ಗರಣೆ ಹಾಕ್ತಿದ್ಯಲ್ಲ ನೀಲಕ್ಕ! ಇನ್ನೊಂದು ಹೊತ್ತು ತಡ ಆಗಿದ್ರೆ?" ಹಯಾತ್ ಸಾಬ್ ಚಪ್ಪಲಿಯಿಲ್ಲದೆ ರಸ್ತೆಗೆ ಓಡಿ ಆಟೊ ನಿಲ್ಲಿಸಿದರು. ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನೀಲಕ್ಕ ಅಂಗಳ ದಾಟುವಾಗ ಮುಖದ ಮೇಲೆ ಸೆರಗು ಎಳೆದುಕೊಂಡಳು. ಮಕ್ಕಳೆಲ್ಲ ಜಗಲಿಗೆ ಬಂದು ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ಅಂಬಿಕಾ ಕಣ್ಣು ಬಿಟ್ಟಳು. ಸಂಜೆ ನಾನು ಹೋದಾಗ ನೀಲಕ್ಕ ಮಂಚದ ಅಂಚಿನಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಕೂಸು ಉಳೀತು. ನಿಮ್ಮಿಂದ ಉಳೀತು. ಆದ್ರೆ ನಾನು ಇನ್ನು ಆ ಶಾಲಿಗೆ ಬರಲ್ಲ. ಮೇಷ್ಟ್ರಿಗೆ ಹೇಳಿಬಿಡ್ರಿ."

"ನೀಲಕ್ಕ, ಆ ಸಾಲು ಮಾಡಿಸಿದವಳು ನಾನೇ."

"ಗೊತ್ತೈತ್ರಿ," ಎಂದಳು, ತಿರುಗದೆ. "ಅಡಿಗೆ ಮನೆ ಕಿಟಕಿ ಮೇಷ್ಟ್ರ ರೂಮಿಗೇ ಐತೆ."

ತಂದಿದ್ದ ಫ್ಲಾಸ್ಕನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದೆ.

ಮಾರನೆಯ ದಿನ ಆ ತಾಯಂದಿರಲ್ಲಿ ಬಂದಷ್ಟು ಜನರನ್ನು ಕರೆದುಕೊಂಡು ಮತ್ತೆ ಶಿವಮೂರ್ತಿಯವರ ಮುಂದೆ ನಿಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊನ್ನೆ ಬೇರೆ ಮಾಡ್ರಿ ಅಂದ್ರಿ, ಇವತ್ತು ಕೂಡಿಸ್ರಿ ಅಂತೀರಿ. ನಾನೇನು ಚಾಪೇನಾ ಮೇಡಂ, ಬೇಕಾದಾಗ ಹಾಸಿ ಬ್ಯಾಡಾದಾಗ ಸುತ್ತಾಕೆ?" ಎಂದರು. ತಪ್ಪು ನನ್ನದೇ ಎಂದೆ. ಅವರು ಕೂಡಿಸಲು ಒಪ್ಪಿದರು. ಅಲ್ಲೇ ಇದ್ದ ಉಮಾಮಹೇಶ್ವರಿ, "ಬರೇ ಚಾಪೆ ಹಾಸಿದ್ರೆ ಭೇದಿ ನಿಲ್ಲಲ್ಲ ಸರ್," ಎಂದು ಪಟ್ಟು ಹಿಡಿದಳು. ನಗರಸಭೆಗೆ ಓಡಾಡಿ ಒಂದು ನೀರಿನ ಟ್ಯಾಂಕು, ಗಾಲಿಯ ಮೇಲಿನ ಶೌಚಾಲಯ ತರಿಸಿದಳು. ಕೇಂದ್ರದ ಮಕ್ಕಳು, ಶಾಲೆಯ ಮಕ್ಕಳು ಎನ್ನದೆ ಎಲ್ಲರನ್ನೂ ನರ್ಸಮ್ಮನಿಂದ ಪರೀಕ್ಷೆ ಮಾಡಿಸಿದಳು. ಹೇನು ಮೊದಲು ಸಿಕ್ಕಿದ್ದು ಕರಿಬೇವಮ್ಮನ ತಲೆಯಲ್ಲಿ. ನನ್ನ ಪಕ್ಕ ನಿಂತಿದ್ದ ತಾಯಂದಿರು ಮೆಲ್ಲಗೆ ಅತ್ತ ಸರಿದರು.

ಇನ್ನು ಸಾಲು ಇಲ್ಲ, ಎಲ್ಲರಿಗೂ ಚಾಪೆ ಎಂದು ಹಯಾತ್ ಸಾಬ್ ಆಸ್ಪತ್ರೆಗೆ ಹೋಗಿ ಹೇಳಿದರಂತೆ. ಅಂಬಿಕಾಳನ್ನು ಮನೆಗೆ ಕಳಿಸಿದ ದಿನ, ಕಳಿಸಲು ಮನೆಯೇ ಇಲ್ಲದ್ದರಿಂದ, ನೀಲಕ್ಕ ಅವಳ ಕೈ ಹಿಡಿದು ಶಾಲೆಗೇ ಬಂದಳು. ಕೇಂದ್ರದಲ್ಲಿ ಹೆಸರು ಬರೆಸಿದಳು. ಜಗಲಿಯ ಉದ್ದಕ್ಕೂ, ಒಳಗಿನ ಕೋಣೆಯಲ್ಲೂ ಚಾಪೆ ಹಾಸಿತ್ತು. "ನಂಗೆ ಮೊಣಕಾಲು ನೋವ್ರಿ, ಆ ಸಾಲೇ ಬೇಸಿತ್ತು," ಎನ್ನುತ್ತಾ ಹಯಾತ್ ಸಾಬ್ ಮೊದಲು ಕೂತರು. ನೀಲಕ್ಕ ಮೊಮ್ಮಗಳನ್ನು ಬೀನ್ಸ್ ಗೌಡನಿಗೂ ಕರಿಬೇವಮ್ಮನಿಗೂ ನಡುವೆ ಕೂರಿಸಿ ಸೌಟು ಹಿಡಿದಳು. ಅವತ್ತು ಯಾರನ್ನೂ ಅಡ್ಡಹೆಸರಿನಿಂದ ಕರೆಯಲಿಲ್ಲ. ತಲೆ ಬಗ್ಗಿಸಿ ಬಡಿಸುತ್ತಾ ಹೋದಳು.

ಕೊನೆಗೆ ನಾನು ಹತ್ತಿರ ಹೋಗಿ, "ನೀವೂ ಕೂಡ್ರಿ, ನಾನು ಬಡಿಸ್ತೀನಿ," ಎಂದೆ.

"ನಾ ಒಳಗೆ ಉಣ್ತೀನಿ."

"ಬಾರವ್ವ ತಂಗಿ," ಎಂದರು ಹಯಾತ್ ಸಾಬ್. ಈ ಸಲ ತಮಾಷೆ ಮಾಡಲಿಲ್ಲ. "ಎಲ್ರ ಮನಿಗೂ ಬಂದ ನೀರೇ ನಿನ್ ಮನಿಗೂ ಬಂದಿದ್ದು."

ನೀಲಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಆಮೇಲೆ ಚಾಪೆಯ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು. ನಾನು ಅನ್ನ ಹಾಕಿ ಸಾರು ಸುರಿದೆ. ನೀರು ನೀರಾಗಿತ್ತು.

"ತಳಕ್ಕೆ ಹಾಕ್ರಿ ಸೌಟು," ಎಂದಳು, ಗೋಡೆಗೇ ಹೇಳುವಂತೆ.

ತಳಕ್ಕಿಳಿಸಿ ಎತ್ತಿದೆ. ಬೇಳೆ ಬಂತು. ಬಡಿಸಿ, ಅಲ್ಲಿಂದ ಸರಿಯಲಾರದೆ ಇನ್ನೊಂದು ಸೌಟು ತುಂಬಿಕೊಂಡು ಬಗ್ಗಿದೆ. ನೀಲಕ್ಕ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಸಾಕ್ರಿ."